ಕಡ್ಡಿ ಅಥವಾ ಡಬ್ಬಿ, ಆದರೆ ಊರು ಬ್ಯಾಡಗಿ: ಜ್ಯಾಂಗೋದಲ್ಲಿ ಹುಡುಕೋದು ಹೇಗೆ?

ಗದಗದಿಂದ ಕೇಳುತ್ತಿದ್ದೇನೆ. ಮೆಣಸಿನಕಾಯಿ ವ್ಯಾಪಾರಿಯೊಬ್ಬರಿಗೆ ಜ್ಯಾಂಗೋದಲ್ಲಿ (ಪೈಥಾನ್ ಭಾಷೆಯಲ್ಲಿ ವೆಬ್ ಸೈಟ್ ಕಟ್ಟುವ ಸಾಧನ) ಸ್ಟಾಕ್ ನೋಡುವ ಸೈಟ್ ಮಾಡುತ್ತಿದ್ದೇನೆ. ತಳಿ ಕಡ್ಡಿ ಅಥವಾ ಡಬ್ಬಿ ಇರಬೇಕು, ಊರು ಬ್ಯಾಡಗಿ ಇರಬೇಕು. ಮೂರಕ್ಕೂ ಫಿಲ್ಟರ್ ಹಾಕಿದರೆ ಒಂದೂ ಬರುತ್ತಿಲ್ಲ. ಮಾಡಿದವರಿದ್ದರೆ ದಯವಿಟ್ಟು ಹೇಳಿ.

ಹುಬ್ಬಳ್ಳಿಯಿಂದ:
ಫಿಲ್ಟರ್ ಮೇಲೆ ಫಿಲ್ಟರ್ ಹಾಕಿದರೆ ಅದು 'ಮತ್ತು' ಅಂತ ಲೆಕ್ಕ ರೀ. ಒಂದೇ ಚೀಲದ ಮೇಲೆ ಕಡ್ಡಿ ಅಂತಲೂ ಡಬ್ಬಿ ಅಂತಲೂ ಯಾರು ಬರೀತಾರೆ? ಕ್ಯೂ ಆಬ್ಜೆಕ್ಟ್ ಬಳಸಿ, ಅಂದರೆ ಒಂದು ಷರತ್ತನ್ನು ಹಿಡಿದಿಡುವ ಜ್ಯಾಂಗೋದ Q. ಕಡ್ಡಿಗೊಂದು ಕ್ಯೂ, ಡಬ್ಬಿಗೊಂದು ಕ್ಯೂ, ನಡುವೆ 'ಅಥವಾ' ಅನ್ನುವ | ಗೆರೆ. ಅಲ್ಲಿ ಪೈಥಾನಿನ 'ಆರ್' ಬರೆಯಬೇಡಿ, ಎರರ್ ಬರಲ್ಲ, ಸುಮ್ನೆ ಮೊದಲನೇ ಕ್ಯೂ ಮಾತ್ರ ಉಳಿಯುತ್ತದೆ.

ಮುಖ್ಯ ಮಾತು ಕಂಸದ್ದು. ಪೈಥಾನ್ 'ಮತ್ತು' ಅನ್ನುವ & ಗುರುತನ್ನು | ಗಿಂತ ಮೊದಲು ಲೆಕ್ಕಕ್ಕೆ ತಗೊಳ್ಳುತ್ತದೆ, ಹಾಗಾಗಿ ಕಡ್ಡಿ | ಡಬ್ಬಿ & ಬ್ಯಾಡಗಿ ಅಂತ ಬರೆದರೆ ಊರಿನ ಷರತ್ತು ಡಬ್ಬಿಗೆ ಮಾತ್ರ ಅಂಟಿಕೊಂಡು ಕಡ್ಡಿ ಎಲ್ಲ ಊರಿನದ್ದೂ ಬರುತ್ತದೆ. ಒಂದು ಕೋಲ್ಡ್ ಸ್ಟೋರೇಜಿಗೆ ನಾನು ಹೀಗೇ ಬರೆದು ಕೊಟ್ಟಿದ್ದೆ. ಮಾಲೀಕರು ಫೋನ್ ಮಾಡಿ "ಬ್ಯಾಡಗಿ ಅಂತ ಹಾಕಿದ್ರ ಕುಂದಗೋಳದ್ದು ಯಾಕ ತೋರಸ್ತದ?" ಅಂದರು. ನಾನು ಎರಡು ದಿನ ಡೇಟಾ ತಪ್ಪಾಗಿದೆ ಅಂತ ಹುಡುಕಿದೆ. (ಕಡ್ಡಿ | ಡಬ್ಬಿ) & ಬ್ಯಾಡಗಿ ಅಂತ ಕಂಸ ಹಾಕಿದ ಮೇಲೆ ಸರಿಹೋಯಿತು. ಸಂಶಯ ಬಂದರೆ ಫಿಲ್ಟರ್ ಕೊಡುವ ಫಲಿತಾಂಶದ, ಅಂದರೆ ಕ್ವೆರಿಸೆಟ್‌ನ ಕ್ವೆರಿ ಪ್ರಿಂಟ್ ಮಾಡಿ, ಡೇಟಾಬೇಸಿನ ಭಾಷೆಯಾದ ಎಸ್‌ಕ್ಯೂಎಲ್‌ನ ಕಂಸ ನೋಡಿದರೆ ಗೊತ್ತಾಗುತ್ತದೆ.

ಧಾರವಾಡದಿಂದ:
ಬಳಕೆದಾರ ಎಷ್ಟು ಪದ ಟೈಪ್ ಮಾಡ್ತಾನೋ ಗೊತ್ತಿಲ್ಲ ಅಲ್ವಾ, ನಾನು ಖಾಲಿ ಕ್ಯೂ ಇಟ್ಟುಕೊಂಡು ಲೂಪಿನಲ್ಲಿ |= ಅಂತ ಸೇರಿಸುತ್ತೇನೆ. ಪದವೇ ಇಲ್ಲದಿದ್ದರೆ ಖಾಲಿ ಕ್ಯೂ ಇಡೀ ಟೇಬಲ್ಲನ್ನೇ ತೋರಿಸುತ್ತದೆ, ಅದನ್ನು ಮೊದಲೇ ತಡೆಯಿರಿ. ಒಬ್ಬ ವ್ಯಾಪಾರಿಗೆ ಹಲವು ಲಾಟ್ ಇದ್ದರೆ, ವ್ಯಾಪಾರಿ ಕಡೆಯಿಂದ ಹುಡುಕುವಾಗ ಲಾಟಿನ ಷರತ್ತುಗಳನ್ನು ಒಂದೇ ಫಿಲ್ಟರ್ ಒಳಗೆ ಕೊಡಿ. ಬೇರೆ ಬೇರೆ ಫಿಲ್ಟರ್ ಆದರೆ ತಳಿ ಒಂದು ಲಾಟಿನಿಂದ, ಊರು ಇನ್ನೊಂದರಿಂದ ಹೊಂದಿಬಿಡಬಹುದು. ಒಂದೇ ಹೆಸರು ಎರಡೆರಡು ಸಲ ಬಂದರೆ ಡಿಸ್ಟಿಂಕ್ಟ್ ಹಾಕಿ, ಒಮ್ಮೆ ಮಾತ್ರ ಬರುತ್ತದೆ.

ಹಾವೇರಿಯಿಂದ:
ಕನ್ನಡದಲ್ಲಿ ಹುಡುಕುವವರಿಗೆ ಇನ್ನೊಂದು ಮಾತು. ನಮ್ಮ ಊರಿನ ಹೆಸರೇ ನೋಡಿ. 'ವೇ' ಅಕ್ಷರದ ಏತ್ವ ದೀರ್ಘವನ್ನು ಯುನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಏತ್ವ ಬೇರೆ ದೀರ್ಘ ಬೇರೆ ಮಾಡಿ ಎರಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಪದ ಒಳಗೆ ಇದೆಯೇ ಅಂತ ನೋಡುವ ಜ್ಯಾಂಗೋದ ಐಕಂಟೇನ್ಸ್‌ಗೆ ಬೇರೆ ಬೇರೆ. ಸೇವ್ ಮಾಡುವಾಗಲೂ ಹುಡುಕುವಾಗಲೂ ಪೈಥಾನಿನ ಯುನಿಕೋಡ್‌ಡೇಟಾ ಮಾಡ್ಯೂಲಿನಿಂದ ಎನ್‌ಎಫ್‌ಸಿಗೆ, ಅಂದರೆ ಒಂದೇ ಚಿಹ್ನೆಯಾಗಿ ಕೂಡಿದ ರೂಪಕ್ಕೆ, ತನ್ನಿ. ಹಳೇ ಸಾಲುಗಳನ್ನೂ ಒಮ್ಮೆ ಹಾಗೆ ಸೇವ್ ಮಾಡಿಬಿಡಿ.