ಅಪ್ಡೇಟ್ ಬಿಟ್ಟ ಮೇಲೆ ಇಬ್ಬರ ಫೋನಲ್ಲಿ ಬೇರೆ ಬೇರೆ ಆಟ ಕಾಣ್ತಿದೆ (ಆನ್‌ಲೈನ್ ಚೌಕಾಬಾರ, ಫೋನಲ್ಲಿ ಯೂನಿಟಿ + ಸರ್ವರಲ್ಲಿ ನೋಡ್)

ಕವಡೆ_ಕೋಡರ್:
ನಮಸ್ಕಾರ ಎಲ್ರಿಗೂ. ನಾನೂ ನನ್ನ ಫ್ರೆಂಡೂ ಸೇರಿ ಆನ್‌ಲೈನ್ ಚೌಕಾಬಾರ ನಡೆಸ್ತಿದೀವಿ, ಆಂಡ್ರಾಯ್ಡ್, ಐಫೋನ್ ಎರಡೂ, ತಿಂಗಳಿಗೊಂದು ಸೀಸನ್. ಈ ಸಲ ಹೊಸ ರೂಲ್ ಹಾಕಿದ್ವಿ, ಎದುರಾಳಿದು ಒಂದಾದ್ರೂ ಕಾಯಿ ಹೊಡೀದೆ ಒಳಸುತ್ತಿಗೆ ಹೋಗಂಗಿಲ್ಲ ಅಂತ (ಎಷ್ಟೋ ಮನೇಲಿ ಹಂಗೇ ಆಡ್ತಾರೆ, ಆಡೋರೇ ಕೇಳಿದ್ದು). ಪ್ಲೇ ಸ್ಟೋರಲ್ಲಿ 20% ಜನಕ್ಕೆ ಬಿಟ್ವಿ, ಅವತ್ತು ರಾತ್ರಿಯಿಂದ್ಲೇ ಕಂಪ್ಲೇಂಟ್. ಎರಡು ಫೋನ್ ಪಕ್ಕಪಕ್ಕ ಇಟ್ಟು ನೋಡಿದ್ರೆ ಒಂದ್ರಲ್ಲಿ ಕೆಂಪು ಕಾಯಿ ಒಳಸುತ್ತಲ್ಲಿದೆ, ಇನ್ನೊಂದ್ರಲ್ಲಿ ಅದೇ ಕಾಯಿ ಇನ್ನೂ ಹೊರಗೇ ಸುತ್ತುತಿದೆ, ಆಮೇಲೆ ಹಸಿರಿನೋರು ಅದನ್ನ ಹೊಡೀತಾರೆ, ಕೆಂಪಿನೋರ ಫೋನಲ್ಲಿ ನೋಡಿದ್ರೆ ಅಲ್ಲಿ ಖಾಲಿ ಮನೆ! ಸರ್ವರ್ ಲಾಗಲ್ಲಿ ಎರರ್ ಒಂದೂ ಇಲ್ಲ. ನೆಟ್ ಲ್ಯಾಗ್ ಇರ್ಬೋದಾ? ರೋಲ್‌ಬ್ಯಾಕ್ ಮಾಡಿ ಹಳೇ ವರ್ಷನ್ನಿಗೇ ವಾಪಸ್ ಹೋಗ್ಲಾ?

ಸರ್ವರ್_ಸೋಮ:
ಲ್ಯಾಗ್ ಆಗಿದ್ರೆ ಕಾಯಿ ತಡವಾಗಿ ಬರುತ್ತೆ, ಬೇರೆ ದಾರಿ ಹಿಡಿಯಲ್ಲ ಗುರು. ಕಾಯಿ ಎಲ್ಲಿಗೆ ಹೋಗ್ಬೇಕು ಅಂತ ಲೆಕ್ಕ ಹಾಕೋದು ಯಾರು, ಸರ್ವರಾ ಫೋನಾ?

ಕವಡೆ_ಕೋಡರ್:
ಗರ ಸರ್ವರ್ ಹಾಕುತ್ತೆ. 3 ಬಿತ್ತು, ಎರಡನೇ ಕಾಯಿ ನಡೆಸಿದ್ರು ಅಂತ ಇಬ್ರಿಗೂ ಮೆಸೇಜ್ ಹೋಗುತ್ತೆ, ನಡಿಗೆ ಲೆಕ್ಕ ಫೋನಲ್ಲೇ.

ಸರ್ವರ್_ಸೋಮ:
ಹಂಗಾದ್ರೆ ಅದೇ. 20% ಬಿಟ್ಟಿದೀರ ಅಂದ್ರೆ ಉಳಿದ 80% ಹಳೇ ರೂಲಲ್ಲಿ ಲೆಕ್ಕ ಹಾಕ್ತಿದಾರೆ, ಮ್ಯಾಚ್‌ಮೇಕಿಂಗ್ ಇಬ್ರನ್ನೂ ಒಂದೇ ರೂಮಿಗೆ ತಂದು ಕೂರಿಸ್ತಿದೆ. ಎರಡು ಫೋನೂ ತಮ್ಮ ತಮ್ಮ ಕೋಡ್ ಪ್ರಕಾರ ಸರಿನೇ, ಅದಕ್ಕೇ ಎರರ್ ಬರ್ತಿಲ್ಲ. ರೋಲ್‌ಬ್ಯಾಕ್ ಅನ್ನೋದು ಸ್ಟೋರಲ್ಲಿ ಇಲ್ಲ ಅಂತ್ಲೇ ಇಟ್ಕೊಳಿ, ಹಾಲ್ಟ್ ಮಾಡಿದ್ರೆ ಹೊಸಬರಿಗೆ ಹೋಗೋದು ನಿಲ್ಲುತ್ತೆ ಅಷ್ಟೇ, ಈಗಾಗ್ಲೇ ಹಾಕ್ಕೊಂಡೋರ ಫೋನಲ್ಲಿ ಅದು ಹಂಗೇ ಇರುತ್ತೆ, ವರ್ಷನ್ ಕೋಡ್ (ಸ್ಟೋರ್ ನೋಡೋ ವರ್ಷನ್ ನಂಬರ್) ಜಾಸ್ತಿ ಇರೋ ಇನ್ನೊಂದು ಬಿಲ್ಡೇ (ಆಪಿನ ಹೊಸ ಪ್ರತಿ) ಕೊಡ್ಬೇಕು. ಮೊದ್ಲು ಹಾಲ್ಟ್ ಒತ್ತಿ. ಲಾಗಿನ್ ಆಗೋವಾಗ ಬಿಲ್ಡ್ ನಂಬರ್ ಬರುತ್ತಾ? ಬಂದ್ರೆ ಹಳಬರು ಹಳಬರ ಜತೆ, ಹೊಸಬರು ಹೊಸಬರ ಜತೆ ಅಂತ ಸರ್ವರಲ್ಲೇ ಬೇರೆ ಮಾಡಿ, ಇದಕ್ಕೆ ಸ್ಟೋರ್ ರಿವ್ಯೂ ಕಾಯ್ಬೇಕಿಲ್ಲ, ಇವತ್ತೇ ಆಗುತ್ತೆ.

ಕವಡೆ_ಕೋಡರ್:
ಬಿಲ್ಡ್ ನಂಬರ್ ಬರುತ್ತೆ. ಆದ್ರೆ ನಮ್ದು ಸಣ್ಣ ಗೇಮು ಸರ್, ಎರಡು ಪಾಲು ಮಾಡಿದ್ರೆ ಮಧ್ಯಾಹ್ನದ ಹೊತ್ತು ಜೊತೆ ಆಡೋಕೆ ಯಾರೂ ಸಿಗಲ್ಲ.

ಲೇಟ್‌ನೈಟ್_ಬಿಲ್ಡ್:
ಅದು ಎರಡ್ಮೂರು ದಿನದ ಕಥೆ ಅಷ್ಟೇ, ತಡ್ಕೊಳಿ. ಅಷ್ಟ್ರಲ್ಲಿ ಮುಂದಿನ ಬಿಲ್ಡಲ್ಲಿ ಎರಡೂ ರೂಲ್ ಇಡಿ, ಯಾವುದು ಓಡ್ಬೇಕು ಅಂತ ರೂಮ್ ಶುರುವಾಗೋವಾಗ ಸರ್ವರ್ ಹೇಳ್ಲಿ, ಸದ್ಯಕ್ಕೆ ಎಲ್ರಿಗೂ ಹಳೇದೇ. ಬಿಲ್ಡ್ ಎಲ್ರಿಗೂ ತಲುಪ್ಲಿ, ಆಮೇಲೆ ಒಂದಿನ ಬೆಳಗಿನ ಜಾವ ಸರ್ವರಲ್ಲಿ ಫ್ಲ್ಯಾಗ್ (ಹೊಸ ರೂಲಿನ ಸ್ವಿಚ್) ಆನ್ ಮಾಡಿ, ಆಗ ನಡೀತಿರೋ ಆಟ ಹಳೇ ರೂಲಲ್ಲೇ ಮುಗೀಲಿ. ಅಪ್ಡೇಟ್ ಕೊಡೋದು ಬೇರೆ ಕೆಲ್ಸ, ರೂಲ್ ಆನ್ ಮಾಡೋದು ಬೇರೆ ಕೆಲ್ಸ, ಎರಡನ್ನೂ ಒಟ್ಟಿಗೆ ಕಟ್ಟಿದ್ರೆ ಪ್ರತಿ ಸೀಸನ್ನೂ ಇದೇ ಗೋಳು. ಈವ್ ಆನ್‌ಲೈನ್ ಅನ್ನೋ ಕಂಪ್ಯೂಟರ್ ಗೇಮಿನೋರಿಗೆ ಸಲೀಸು, ದಿನಾ 11:00 ಯುಟಿಸಿಗೆ, ಅಂದ್ರೆ ನಮ್ಮ ಸಂಜೆ 4:30ಕ್ಕೆ, ಸರ್ವರ್ ಇಳಿಸಿ ಎಬ್ಬಿಸ್ತಾರೆ, ಪ್ಯಾಚ್ ಬಂದಿದ್ರೆ ಅದನ್ನ ಹಾಕ್ಕೊಂಡೇ ಒಳಗೆ ಬರ್ಬೇಕು. ಫೋನಲ್ಲಿ ಹಂಗಿಲ್ಲ, ವೈಫೈ ಸಿಗೋ ತನಕ ಅಪ್ಡೇಟೇ ಮಾಡ್ದೆ ಕೂತಿರೋರು ಎಷ್ಟೋ ಜನ. ಐಫೋನಲ್ಲಿ ಫೇಸ್ಡ್ ರಿಲೀಸ್ (ಹಂತಹಂತವಾಗಿ ಬಿಡೋದು) ಹಾಕಿದ್ರೆ 7 ದಿನ, 1, 2, 5, 10, 20, 50, 100% ಅಂತ ತಾನಾಗೇ ಏರುತ್ತೆ, ಆದ್ರೆ ಆಪ್ ಸ್ಟೋರಿಗೆ ಹೋಗಿ ಕೈಯಾರೆ ಅಪ್ಡೇಟ್ ಒತ್ತಿದೋರಿಗೆ ಮೊದಲ್ನೇ ದಿನವೇ ಸಿಗುತ್ತೆ.

ಸರ್ವರ್_ಸೋಮ:
+1. ಇನ್ನೊಂದು, ಇದು ಸ್ವಲ್ಪ ದೊಡ್ಡ ಕೆಲ್ಸ, ಆದ್ರೂ ಮಾಡಿ: ನಡಿಗೆ ಲೆಕ್ಕಾನೇ ಸರ್ವರಿಗೆ ತನ್ನಿ. '3 ಬಿತ್ತು' ಅನ್ನೋ ಬದ್ಲು 'ಎರಡನೇ ಕಾಯಿ ಈಗ ಈ ಮನೇಲಿದೆ' ಅಂತ ಕಳ್ಸಿ, ಫೋನ್ ಬರೀ ಚಿತ್ರ ಬಿಡಿಸ್ಲಿ. ಹ್ಯಾಕ್ ಮಾಡಿ ನೇರ ಹಣ್ಣು ಮಾಡ್ಕೊಳೋರ ಕಾಟಾನೂ ತಪ್ಪುತ್ತೆ. ಅಂದಂಗೆ 'ಅಪ್ಡೇಟ್ ಮಾಡಿ' ಅನ್ನೋ ಸ್ಕ್ರೀನ್ ಹಳೇ ಬಿಲ್ಡಲ್ಲಿ ಇದ್ಯಾ?

ಕವಡೆ_ಕೋಡರ್:
ಇದೆ, ಪುಣ್ಯಕ್ಕೆ ಮೊದಲ್ನೇ ವರ್ಷನ್ನಲ್ಲೇ ಹಾಕಿದ್ವಿ. ಹಾಲ್ಟ್ ಮಾಡಿ, ಬಿಲ್ಡ್ ನೋಡಿ ರೂಮ್ ಬೇರೆ ಮಾಡಿದ್ವಿ, ಕಂಪ್ಲೇಂಟ್ ನಿಂತೋಯ್ತು, ಕಾಯೋ ಟೈಮ್ ಮಾತ್ರ ಜಾಸ್ತಿ ಆಗಿದೆ. ಎರಡೂ ರೂಲ್ ಇರೋ ಬಿಲ್ಡ್ ರಿವ್ಯೂಗೆ ಹೋಗಿದೆ. ಒಂದೇ ಡೌಟು, ಕೆಟ್ಟೋಗಿರೋ ಮ್ಯಾಚ್‌ಗಳ ರ‍್ಯಾಂಕ್ ಪಾಯಿಂಟ್ ಏನ್ಮಾಡ್ಲಿ? ಎಲ್ಲಾ ರದ್ದು ಮಾಡ್ಲಾ?

ಲೇಟ್‌ನೈಟ್_ಬಿಲ್ಡ್:
ಬೇಡ ಬೇಡ. ಗೆದ್ದೋರ ಪಾಯಿಂಟ್ ಮುಟ್ಲೇಬೇಡಿ, ಕಿತ್ಕೊಂಡ್ರೆ ನಾಳೆ ಬೆಳಗ್ಗೆ ಬರೀ ಒಂದ್ ಸ್ಟಾರ್ ರಿವ್ಯೂಗಳೇ. ಎರಡು ಕಡೆ ಬೇರೆ ಬೇರೆ ಬಿಲ್ಡ್ ಇದ್ದ ಮ್ಯಾಚ್ ಮಾತ್ರ ಲಾಗಿಂದ ತೆಗೀರಿ, ಅದ್ರಲ್ಲಿ ಸೋತೋರಿಗೆ ಕಳ್ಕೊಂಡಿದ್ದು ವಾಪಸ್ ಹಾಕಿ, ಗೇಮ್ ಒಳಗಿನ ಇನ್‌ಬಾಕ್ಸಿಗೆ ಏನಾಯ್ತು ಅಂತ ಎರಡು ಸಾಲು ಕನ್ನಡದಲ್ಲೇ ಬರ್ದು ಕಳ್ಸಿ. ಬಿಲ್ಡ್ ಲೈವ್ ಆದ್ಮೇಲೆ ಫ್ಲ್ಯಾಗ್ ಮೊದ್ಲು ನಿಮ್ಮಿಬ್ರ ಅಕೌಂಟಿಗೆ ಮಾತ್ರ ಆನ್ ಮಾಡ್ಕೊಂಡು ಒಂದಾಟ ಪೂರ್ತಿ ಆಡಿ ನೋಡಿ.