ಪದಚರ್ಚೆ: ‘ಕರ್ತನಲ್ಲಿ ಸಂತೋಷಿಸಿರಿ’ ಮತ್ತು ನಮ್ಮ ಕಡೆಯ ‘ಹಿಗ್ಗು’

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಬಾಗಲಕೋಟೆಯಿಂದ ಬರೆಯುತ್ತಿದ್ದೇನೆ. ನಮ್ಮ ಸಭೆಯ (ಚರ್ಚಿನ) ಯುವಜನರ ಕೂಟಕ್ಕೆ, ಸತ್ಯವೇದದಲ್ಲಿ ಎಂದರೆ ಬೈಬಲಿನಲ್ಲಿ ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯನ್ನು (ಪತ್ರವನ್ನು) ಈ ಕಡೆಯ ಆಡುಮಾತಿನಲ್ಲಿ ಪಾಠ ಮಾಡಿ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ನಾಲ್ಕನೆಯ ಅಧ್ಯಾಯದ 4ನೆಯ ವಚನದಲ್ಲಿ ಪೌಲನು ಕರ್ತನಲ್ಲಿ (ಪ್ರಭುವಿನಲ್ಲಿ) ಸಂತೋಷಿಸಿರಿ ಎನ್ನುತ್ತಾನೆ, ಸಾಲದೆಂದು ಅದನ್ನೇ ಮತ್ತೆ ಹೇಳುತ್ತಾನೆ. ಈ ‘ಸಂತೋಷಿಸು’ ಇದ್ದಲ್ಲಿ ‘ಹಿಗ್ಗು’ ಬಳಸಬಹುದೇ, ಬಳಸಿದರೆ ಯಾವ ವಿಭಕ್ತಿಯೊಡನೆ ಎಂಬುದು ನನ್ನ ಪ್ರಶ್ನೆ.

‘ಸಂತೋಷಿಸು’ ಸತ್ಯವೇದದಲ್ಲಿದೆ, ಪ್ರಸಂಗದಲ್ಲಿದೆ, ಪ್ರಾರ್ಥನೆಯಲ್ಲಿದೆ. ಮನೆಯ ಮಾತಿನಲ್ಲಿ ಇಲ್ಲ. ಮಗಳಿಗೆ ನೌಕರಿ ಸಿಕ್ಕರೆ ‘ನನಗ ಭಾಳ ಸಂತೋಷ ಆತು’ ಅನ್ನುತ್ತೇವೆಯೇ ಹೊರತು ‘ನಾ ಸಂತೋಷಿಸಿದೆ’ ಅನ್ನುವುದಿಲ್ಲ. ಕನ್ನಡದಲ್ಲಿ ಸಂತೋಷ ಎಂಬುದು ಹಸಿವೆ, ನೀರಡಿಕೆ, ಸಿಟ್ಟು, ನೆನಪುಗಳ ಸಾಲಿನದು. ಅದು ನಮಗೆ ಆಗುತ್ತದೆ, ನಾವು ‘ನನಗೆ’ ಎಂಬ ಚತುರ್ಥಿ ವಿಭಕ್ತಿಯಲ್ಲಿ ನಿಂತಿರುತ್ತೇವೆ. ಹಾಗೆ ತಾನಾಗಿ ಆಗಬೇಕಾದದ್ದನ್ನು ಮಾಡಿರಿ ಎಂದು ಅಪ್ಪಣೆ ಕೊಟ್ಟರೆ ಕೇಳುವವರಿಗೆ ಗಲಿಬಿಲಿಯಾಗುತ್ತದೆ. ಕೂಟದ ಹುಡುಗಿಯೊಬ್ಬಳು ನೇರವಾಗಿಯೇ ಕೇಳಿದಳು: ‘ಸಂತೋಷ ಆಗಲಿಲ್ಲಂದ್ರ ಏನ್ ಮಾಡೂದ್ರಿ ಅಣ್ಣಾರ?’

ಅವಳ ಪ್ರಶ್ನೆ ವ್ಯಾಕರಣದ್ದೂ ಹೌದು, ವಿಶ್ವಾಸದ್ದೂ ಹೌದು. ಅಪ್ಪಣೆಗಿಂತ ಮುಂಚೆ ಒಂದು ಪ್ರೀತಿ ಇದೆ. ಯೋಹಾನನ ಮೊದಲನೆಯ ಪತ್ರಿಕೆ (4:19) ಹೇಳುವುದೂ ಇದನ್ನೇ: ದೇವರು ಮೊದಲು ನಮ್ಮನ್ನು ಪ್ರೀತಿಸಿದನು, ನಮ್ಮದೇನಿದ್ದರೂ ಅದರ ಮೇಲೆ ಬಂದದ್ದು. ಗ್ರೀಕ್ ಮೂಲದಲ್ಲಿ ಈ ನಂಟು ಪದಗಳಲ್ಲೇ ಕಾಣುತ್ತದೆ. ಸಂತೋಷಕ್ಕೆ ‘ಖಾರಾ’, ಕೃಪೆಗೆ ‘ಖಾರಿಸ್’, ಎರಡೂ ಒಂದೇ ಬೇರಿನವು. ಕನ್ನಡದಲ್ಲಿ ಕೃಪೆಯೂ ಸಂತೋಷವೂ ಒಂದಕ್ಕೊಂದು ಸಂಬಂಧವಿಲ್ಲದ ಪದಗಳಾದವು. ಹಾಗಾಗಿ ‘ಸಂತೋಷಿಸಿರಿ’ ಎಂಬುದು ಒಂಟಿಯಾಗಿ ನಿಂತು, ಮೇಲಿನಿಂದ ಹೇರಿದ ಕಟ್ಟಳೆಯಂತೆ ಕೇಳಿಸುತ್ತದೆ. ಜೊತೆಗೆ ಸಂಸ್ಕೃತದ ‘ಸಂತೋಷ’ಕ್ಕೆ ತೃಪ್ತಿ ಎಂಬ ಅರ್ಥವೇ ಮುಂದು, ಯೋಗಸೂತ್ರದ ನಿಯಮಗಳಲ್ಲಿ ಬರುವ ಸಂತೋಷ ಆ ಅರ್ಥದ್ದು. ಪೌಲನು ಅದೇ ಅಧ್ಯಾಯದ 11ನೆಯ ವಚನದಲ್ಲಿ, ಯಾವ ಸ್ಥಿತಿಯಲ್ಲಿದ್ದರೂ ತೃಪ್ತನಾಗಿರುವುದನ್ನು ಕಲಿತಿದ್ದೇನೆ ಎನ್ನುವಾಗ ಬೇರೆಯದೇ ಪದ ಬಳಸುತ್ತಾನೆ. 4ನೆಯ ವಚನದ್ದು ತೃಪ್ತಿಯಲ್ಲ, ಒಳಗಿನಿಂದ ಉಕ್ಕಿ ಬರುವ ಸಂತೋಷ.

ಆ ಉಕ್ಕಿಗೆ ನಮ್ಮಲ್ಲಿ ‘ಹಿಗ್ಗು’ ಇದೆ. ಕಾಯಿಸಿದರೆ ಲೋಹ ಹಿಗ್ಗುತ್ತದೆ ಎಂದು ಶಾಲೆಯ ವಿಜ್ಞಾನದ ಪುಸ್ತಕದಲ್ಲಿ ಓದಿದ್ದೇವಲ್ಲ, ಅದೇ ಪದ. ಕಾವು ಹೊರಗಿನದು, ದೊಡ್ಡದಾಗುವುದು ಒಳಗಿನದು. ಮನುಷ್ಯರ ಬಗ್ಗೆ ಆಡುವಾಗಲೂ ಹಾಗೆಯೇ: ‘ಮಗನ ಮಾತಿಗೆ ಹಿಗ್ಗಿದ’, ‘ತವರಿನವರು ಬಂದಿದ್ದಕ್ಕ ಹಿಗ್ಗಿ ಹೀರೇಕಾಯಿ ಆಗ್ಯಾಳ’. ಇಲ್ಲಿ ಹಿಗ್ಗುವವರು ಪ್ರಥಮೆಯಲ್ಲಿದ್ದಾರೆ (‘ಅವನು’, ‘ಅವಳು’), ಹಿಗ್ಗಿಸಿದ್ದು ಚತುರ್ಥಿಯಲ್ಲಿದೆ (‘ಮಾತಿಗೆ’). ‘ದೇವರ ಪ್ರೀತಿಗೆ ಹಿಗ್ಗು’ ಎಂದರೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಬಿಡಿಸಿ ಹೇಳಬೇಕಾದ್ದೇ ಇಲ್ಲ.

ಗುಳೇದಗುಡ್ಡದಲ್ಲಿ ಖಣ ನೇಯುವ ಮನೆತನದ ಅಜ್ಜಿಯೊಬ್ಬರು ಆರಾಧನೆಯಲ್ಲಿ ಸಾಕ್ಷಿ ಹೇಳಲು ಎದ್ದರು. ಒಂದು ಕೈಯಲ್ಲಿ ಬೆಂಚು ಹಿಡಿದಿದ್ದರು, ಸೆರಗು ತಲೆಯ ಮೇಲಿತ್ತು. ‘ನನ್ನಂಥಾಕಿನ್ನ ದೇವ್ರು ಕೈ ಬಿಡಲಿಲ್ಲ. ಅದನ್ನ ನೆನಿಸಿದ್ರ ಜೀವ ಹಿಗ್ಗತೈತ್ರಿ’ ಎಂದು ಅಷ್ಟೇ ಹೇಳಿ ಕುಳಿತರು. 19ನೆಯ ಶತಮಾನದಿಂದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯ ನೆಲೆಯಿದ್ದ ಊರು ಅದು. ಗ್ರಂಥದ ಕನ್ನಡ ಅಲ್ಲಿಯವರಿಗೆ ಹೊಸದಲ್ಲ, ಆದರೂ ಅವರ ಬಾಯಿಗೆ ಬಂದದ್ದು ಈ ಪದ.

ಒಂದು ಆಕ್ಷೇಪಣೆ ನನಗೇ ಹೊಳೆಯುತ್ತದೆ. ‘ಹಿಗ್ಗಬ್ಯಾಡ, ಕುಗ್ಗಬ್ಯಾಡ’ ಎನ್ನುವಾಗ ‘ಹಿಗ್ಗು’ಗೆ ಸೊಕ್ಕಿನ ಛಾಯೆ ಬರುತ್ತದೆ. ಆದರೆ ಈ ಜೋಡಿಯೇ ಹಬಕ್ಕೂಕನ ಮೂರನೆಯ ಅಧ್ಯಾಯಕ್ಕೆ ಚೆನ್ನಾಗಿ ಒದಗುತ್ತದೆ. ಅಂಜೂರ ಚಿಗುರದಿದ್ದರೂ, ಹೊಲ ಬೆಳೆ ಕೊಡದಿದ್ದರೂ, ಹಟ್ಟಿಯಲ್ಲಿ ಕುರಿ ಇಲ್ಲದಿದ್ದರೂ ನಾನು ದೇವರಲ್ಲಿ ಉಲ್ಲಾಸಿಸುವೆ ಎನ್ನುತ್ತಾನೆ ಪ್ರವಾದಿ. ಮಳೆ ಕೈಕೊಟ್ಟ ವರ್ಷ ವಿಜಯಪುರದ ಕಡೆ ಬಿಳಿಜೋಳದ ಹೊಲ ನೋಡಿದವರಿಗೆ ಆ ಮಾತಿನ ಭಾರ ಗೊತ್ತು. ಕುಗ್ಗಬೇಕಾದ ಹೊತ್ತಿನಲ್ಲಿ ಹಿಗ್ಗುವವನಲ್ಲಿ ಸೊಕ್ಕೆಲ್ಲಿಯದು?

ಇನ್ನೊಂದು: ಹಿಗ್ಗುವುದು ನಾವು ಮಾತ್ರವಲ್ಲ. ಲೂಕನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಕುರಿ ಸಿಕ್ಕಿದ ಕುರುಬ, ನಾಣ್ಯ ಸಿಕ್ಕಿದ ಹೆಂಗಸು, ಮಗನನ್ನು ದೂರದಿಂದಲೇ ಕಂಡು ಓಡಿದ ತಂದೆ, ಮೂವರೂ ಹಿಗ್ಗುತ್ತಾರೆ. ಒಳಗೆ ಬರಲಾರೆನೆಂದು ಸಿಟ್ಟಿನಿಂದ ಹೊರಗೆ ನಿಂತವನು ಹಿರಿಮಗ ಒಬ್ಬನೇ. ಚೆಫನ್ಯನ ಗ್ರಂಥದಲ್ಲಂತೂ (3:17) ದೇವರೇ ತನ್ನ ಜನರನ್ನು ಕಂಡು ಹಾಡುತ್ತಾ ಹರ್ಷಿಸುತ್ತಾನೆ. ‘ದೇವ್ರು ನಮ್ಮನ್ನ ನೋಡಿ ಹಿಗ್ಗತಾನ’ ಎಂದು ಕೂಟದಲ್ಲಿ ಹೇಳಿದಾಗ ಆ ಹುಡುಗಿ ನೆಟ್ಟಗೆ ಕೂತು ಕೇಳಿದಳು. ‘ಹರ್ಷಿಸು’, ‘ಉಲ್ಲಾಸಿಸು’ಗಳಿಂದ ಅದು ಆಗುತ್ತಿರಲಿಲ್ಲ ಎಂದು ನನ್ನ ನಂಬಿಕೆ.

ಹಾಗಂತ ‘ಕರ್ತನಲ್ಲಿ’ ಎಂಬ ಸಪ್ತಮಿಯನ್ನು ಕಳೆಯಲು ಮನಸ್ಸಿಲ್ಲ. ಪೌಲನು ಆ ಪತ್ರಿಕೆ ಬರೆದಾಗ ಸೆರೆಯಲ್ಲಿದ್ದ, ಹಿಗ್ಗಿಸುವಂಥದ್ದು ಸುತ್ತಮುತ್ತ ಏನೂ ಇರಲಿಲ್ಲ. ‘ಕರ್ತನಲ್ಲಿ’ ಎಂಬುದು ಅವನು ನಿಂತ ನೆಲ. ಸದ್ಯಕ್ಕೆ ಪಾಠದಲ್ಲಿ ಹೀಗೆ ಬರೆದಿಟ್ಟಿದ್ದೇನೆ: ‘ಕರ್ತನೊಳಗ ಇದ್ದು, ಆತನ ಪ್ರೀತಿಗೆ ಹಿಗ್ಗರಿ.’ ಎರಡು ವಿಭಕ್ತಿಗಳೂ ಉಳಿದವು, ಆದರೆ ಮೂಲದಲ್ಲಿಲ್ಲದ ‘ಪ್ರೀತಿ’ ಒಳಗೆ ಬಂತು. ಇದು ಅನುವಾದವಲ್ಲ, ವಿವರಣೆ ಎಂದು ಅಡಿಯಲ್ಲಿ ತಿಳಿಸುತ್ತೇನೆ.

‘ದೇವರಲ್ಲಿ ಹಿಗ್ಗು’ ಎಂದು ಸಪ್ತಮಿಯೊಡನೆ ನಿಮ್ಮ ಊರಿನ ಭಜನೆ ಪದಗಳಲ್ಲೋ ಕ್ರೈಸ್ತ ಗೀತಗಳಲ್ಲೋ ಕೇಳಿದ್ದರೆ ಆ ಸಾಲನ್ನು ದಯವಿಟ್ಟು ಬರೆದು ಕಳಿಸಿ. ಅಥಣಿ, ಚಿಕ್ಕೋಡಿ ಕಡೆಯವರು ‘ಹಿಗ್ಗು’ ಎಂದರೆ ಮೊದಲು ಜಂಬವೆಂದು ತಿಳಿಯುತ್ತಾರೋ ಸಂತೋಷವೆಂದೋ ಎಂಬುದನ್ನೂ ತಿಳಿಸಬೇಕು. ಈ ಪಾಠ ಬೆಳಗಾವಿ ಜಿಲ್ಲೆಯ ಸಭೆಗಳಿಗೂ ಹೋಗುವುದಿದೆ.