ಅಪ್‌ಡೇಟ್: ಸ್ವಿಚ್ ಆರಿಸಿದರೂ ಮಿಣುಕುತ್ತಿದ್ದ ಎಲ್‌ಇಡಿ ಬಲ್ಬ್

ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ಸ್ವಿಚ್ ಆರಿಸಿದ ಮೇಲೂ ಎಲ್‌ಇಡಿ ಬಲ್ಬ್ ಮಂದವಾಗಿ ಉರಿಯುವುದೇಕೆ ಎಂದು ಕೇಳಿದ್ದೆ. ಬಲ್ಬ್ ಬದಲಿಸಿ ನೋಡಿ ಎಂದವರ ಮಾತಿನಂತೆ ಎರಡು ಬಲ್ಬ್ ಬದಲಿಸಿದರೂ ಫಲವಾಗಲಿಲ್ಲ.

ನಿನ್ನೆ ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ ಒಬ್ಬರು ಬೋರ್ಡ್ ಬಿಚ್ಚಿದಾಗ ಸ್ವಿಚ್ಚಿಗೆ ಕಪ್ಪು ವೈರ್, ಅಂದರೆ ನ್ಯೂಟ್ರಲ್ (ವಿದ್ಯುತ್ ಮರಳಿ ಹೋಗುವ ವೈರ್) ಜೋಡಿಸಿರುವುದು ಕಂಡಿತು. ಫೇಸ್ (ವಿದ್ಯುತ್ ತರುವ ವೈರ್) ನೇರವಾಗಿ ಹೋಲ್ಡರಿಗೆ ಹೋಗಿದ್ದರಿಂದ, ಸ್ವಿಚ್ ಆರಿಸಿದ್ದರೂ ಅಲ್ಲಿ ಟೆಸ್ಟರ್ ಕೆಂಪಗೆ ಹೊತ್ತಿಕೊಂಡಿತು. ಬಲ್ಬ್ ಮಂದವಾಗಿ ಉರಿಯುತ್ತಿದ್ದುದೂ ಇದರಿಂದಲೇ. ಬಲ್ಬ್ ಬದಲಿಸುವಾಗ ನನ್ನ ಬೆರಳು ಅದೇ ಪಿನ್ನಿನ ಸಮೀಪವಿತ್ತೆಂದು ನೆನೆದರೆ ಈಗಲೂ ಎದೆ ನಡುಗುತ್ತದೆ.

ಸಿಂಗಲ್ ಪೋಲ್ ಸ್ವಿಚ್ (ಒಂದೇ ವೈರಿನ ಸಂಪರ್ಕ ಕಡಿಯುವ ಸ್ವಿಚ್) ಫೇಸ್ ವೈರಿನಲ್ಲೇ ಇರಬೇಕೆಂಬುದು ವೈರಿಂಗ್ ಕುರಿತ ಭಾರತೀಯ ಮಾನದಂಡ ಐಎಸ್ 732ರ ನಿಯಮ. ಮೇನ್ ಸ್ವಿಚ್ ಆರಿಸಿ, ಜಂಕ್ಷನ್ ಬಾಕ್ಸಿನಲ್ಲಿ ಅದಲುಬದಲಾಗಿದ್ದ ವೈರುಗಳನ್ನು ಅವರು ಸರಿಪಡಿಸಿದ ಮೇಲೆ ರಾತ್ರಿ ಬಲ್ಬ್ ಪೂರ್ತಿ ಆರಿತ್ತು. ಉಳಿದ ಕೋಣೆಗಳ ಬೋರ್ಡುಗಳನ್ನೂ ಭಾನುವಾರ ಪರೀಕ್ಷಿಸಲು ಅವರನ್ನೇ ಕರೆದಿದ್ದೇನೆ.